ಕೆರೆ ಸರ್ಕಾರದ್ದು, ದಾರಿ ಯಾರದು?

ಬೇಸಿಗೆಯಲ್ಲಿ ನೀರು ತಗ್ಗಿದಾಗ ಊರಿಗೆ ಊರೇ ಕೂಣಿ ಹೊತ್ತು ಕೆಸರಿಗಿಳಿಯುವ ಕೆರೆಬೇಟೆಯನ್ನು ಬಲ್ಲ ಮಲೆನಾಡಿನ ಜನರಿಗೆ, ಕೆರೆಯ ಮೀನು ಯಾರದು ಎಂಬ ಪ್ರಶ್ನೆಯೇ ವಿಚಿತ್ರವೆನಿಸಬಹುದು. ಕೆರೆ ಊರಿನದು, ಆದ್ದರಿಂದ ಮೀನೂ ಊರಿನದು ಎಂಬುದು ಅಲ್ಲಿಯ ತಿಳಿವಳಿಕೆ. ಆದರೆ ಅದೇ ಸೀಮೆಯಲ್ಲಿ, ತೋಟಗಳ ನಡುವೆ ಸಿಕ್ಕಿಕೊಂಡ ಕೆರೆಗಳ ಕಡೆಗೆ ಹೋಗುವ ಕಾಲುದಾರಿಗಳಿಗೆ ಮುಳ್ಳುತಂತಿಯೂ ಕಬ್ಬಿಣದ ಗೇಟೂ ಬರುತ್ತಿವೆ. ಗಾಳ ಹಿಡಿದು ಹೋದ ಹುಡುಗರನ್ನು ಕಾವಲುಗಾರನು ತಡೆದು ‘ಇದು ಖಾಸಗಿ ಕೆರೆ’ ಎಂದು ಹಿಂದಕ್ಕೆ ಕಳುಹಿಸುವುದು ಅಪರೂಪದ ಸಂಗತಿಯಾಗಿ ಉಳಿದಿಲ್ಲ.

‘ಖಾಸಗಿ ಕೆರೆ’ ಎಂಬ ಆ ಎರಡು ಪದಗಳನ್ನು ಬಿಡಿಸಿ ನೋಡಬೇಕಾಗಿದೆ. ಕೆರೆಯೆಂದರೆ ಒಂದೇ ವಸ್ತುವಲ್ಲ. ನೀರು ಒಂದು, ನೀರಿನ ಅಡಿಯ ನೆಲ ಇನ್ನೊಂದು, ಅದರೊಳಗಿನ ಮೀನು ಮತ್ತೊಂದು, ದಂಡೆಯವರೆಗೆ ನಡೆದುಹೋಗುವ ದಾರಿ ನಾಲ್ಕನೆಯದು. ಈ ನಾಲ್ಕಕ್ಕೂ ಒಬ್ಬನೇ ಒಡೆಯನಿರಬೇಕೆಂದೇನೂ ಇಲ್ಲ. ಬೇರೆ ಬೇರೆ ಒಡೆಯರಿದ್ದಾಗ ಗಾಳ ಹಾಕುವವನ ಗತಿ ಏನಾಗುತ್ತದೆ ಎಂಬುದನ್ನು ಕೆನಡಾ ದೇಶದ ಒಂದು ಮೊಕದ್ದಮೆ ಬಹಳ ಸ್ಪಷ್ಟವಾಗಿ ತೋರಿಸಿದೆ. ದೂರದ ದೇಶದ ವ್ಯವಹಾರವಾದರೂ ಮಲೆನಾಡಿನವರು ಅದನ್ನು ತಿಳಿದುಕೊಳ್ಳುವುದು ಲಾಭಕರ. ಅಲ್ಲಿಯ ಕಾನೂನೂ ಇಲ್ಲಿಯ ಕಾನೂನೂ ಇಂಗ್ಲೆಂಡಿನ ಒಂದೇ ಬೇರಿನಿಂದ ಚಿಗುರಿದವು.

ಕೆನಡಾದ ಪಶ್ಚಿಮದ ಪ್ರಾಂತವಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ಮೆರಿಟ್ ಪಟ್ಟಣದ ಆಸುಪಾಸಿನ ನಿಕೋಲಾ ಕಣಿವೆ ವಿಶಾಲ ಹುಲ್ಲುಗಾವಲಿನ ಗುಡ್ಡಸೀಮೆ. ಅಲ್ಲಿರುವ ಡಗ್ಲಸ್ ಲೇಕ್ ರಾಂಚ್ ಎಂಬ ದನ ಸಾಕಣೆಯ ಜಮೀನು ಆ ದೇಶದ ಅತಿ ದೊಡ್ಡ ರಾಂಚುಗಳಲ್ಲೊಂದು. 19ನೆಯ ಶತಮಾನದ ಉತ್ತರಾರ್ಧದಿಂದ ನಡೆದುಬಂದ ಈ ರಾಂಚನ್ನು 2003ರಲ್ಲಿ ಅಮೆರಿಕದ ಧನಿಕ ಉದ್ಯಮಿ ಸ್ಟ್ಯಾನ್ ಕ್ರೋಂಕಿ ಕೊಂಡುಕೊಂಡರು. ಅದರ ಭೂಮಿಯ ನಡುವೆ ಸ್ಟೋನಿ, ಮಿನ್ನಿ ಎಂಬ ಎರಡು ಕೆರೆಗಳಿವೆ. ಸುತ್ತಲಿನ ನೆಲವೆಲ್ಲ ರಾಂಚಿನದು. ಆದರೆ ಹಿಂದೆ ಭೂಮಿಯನ್ನು ಮಂಜೂರು ಮಾಡಿದ ಸರ್ಕಾರವು ಕೆರೆಗಳ ಅಡಿಯ ನೆಲವನ್ನು ತನ್ನಲ್ಲಿಯೇ ಉಳಿಸಿಕೊಂಡಿತ್ತು. ಕಾಲಾಂತರದಲ್ಲಿ ನೀರಾವರಿಗಾಗಿ ಒಡ್ಡು ಕಟ್ಟಿದ್ದರಿಂದ ನೀರಿನ ಮಟ್ಟ ಏರಿ, ರಾಂಚಿನ ಭೂಮಿಯ ಒಂದಿಷ್ಟು ಅಂಚು ಕೆರೆಯೊಳಗೆ ಮುಳುಗಿತು. ಹೀಗೆ ಒಂದೇ ಕೆರೆಯ ನಡುಭಾಗದ ನೆಲ ಸರ್ಕಾರದ್ದು, ಅಂಚಿನ ನೆಲ ರಾಂಚಿನದು ಎಂದಾಯಿತು.

ರಾಂಚು ಈ ಕೆರೆಗಳಿಗೆ ಟ್ರೌಟ್ ಮೀನಿನ ಮರಿಗಳನ್ನು ಬಿಟ್ಟು, ಶುಲ್ಕ ಕೊಟ್ಟು ಬರುವ ಗಾಳಗಾರರಿಗೆ ಮಾತ್ರ ಅವಕಾಶ ಕಲ್ಪಿಸಿತು. ದಾರಿಗೆ ಬೀಗ ಬಿತ್ತು. (ಮಳೆಬಿಲ್ಲು ಟ್ರೌಟ್ ಎಂಬ ಈ ಮೀನಿನ ಜಾತಿಯನ್ನೇ 20ನೆಯ ಶತಮಾನದ ಆರಂಭದಲ್ಲಿ ನೀಲಗಿರಿಯ ಅವಲಾಂಚಿಗೆ ತಂದು ಸಾಕಲಾಯಿತು. ಅದೂ ಊಟಕ್ಕಾಗಿ ಅಲ್ಲ, ಬಿಳಿಯರ ವಿನೋದಕ್ಕಾಗಿ.) ನಿಕೋಲಾ ಕಣಿವೆಯ ಮೀನು ಮತ್ತು ಬೇಟೆ ಹವ್ಯಾಸಿಗಳ ಸಣ್ಣದೊಂದು ಸಂಘ ಇದನ್ನು ಪ್ರಶ್ನಿಸಿತು. ಅದರ ಸದಸ್ಯರು ಕೆರೆಗೆ ಹೋಗಿ ಗಾಳ ಹಾಕಿದಾಗ ರಾಂಚು ಅವರ ಮೇಲೆ ದಾವೆ ಹೂಡಿತು.

2018ರ ಡಿಸೆಂಬರಿನಲ್ಲಿ ಪ್ರಾಂತದ ನ್ಯಾಯಾಲಯದ ನ್ಯಾಯಮೂರ್ತಿ ಜೋಯೆಲ್ ಗ್ರೋವ್ಸ್ ಅವರು ತೀರ್ಪು ನೀಡಿದರು. ಕೆರೆಗಳು ಸಾರ್ವಜನಿಕ, ಮೀನು, ಯಾರೇ ಮರಿ ಬಿಟ್ಟಿರಲಿ, ಖಾಸಗಿ ಸೊತ್ತಲ್ಲ, ಸ್ಟೋನಿ ಕೆರೆಯ ಕಡೆಗೆ ಹೋಗುವ ರಸ್ತೆ ಸಾರ್ವಜನಿಕ ರಸ್ತೆ, ಆದ್ದರಿಂದ ಜನರು ಅಲ್ಲಿಗೆ ಹೋಗಿ ಮೀನು ಹಿಡಿಯಬಹುದು ಎಂಬುದು ತೀರ್ಪಿನ ಸಾರ. ತೀರ್ಪಿನ ಕೊನೆಯಲ್ಲಿ ಅವರು ಸರ್ಕಾರಕ್ಕೂ ಒಂದು ಮಾತು ಹೇಳಿದರು. ಕೆರೆಯನ್ನು ಜನರ ಪರವಾಗಿ ಉಳಿಸಿಕೊಂಡ ಸರ್ಕಾರವು, ಸುತ್ತಲಿನ ಭೂಮಿ ಒಬ್ಬನ ಕೈಸೇರಿತೆಂಬ ಕಾರಣಕ್ಕೆ ಆ ಕೆರೆಗೆ ಯಾರೂ ಹೋಗದಂತಾಗುವುದನ್ನು ನೋಡುತ್ತ ಕೂರುವುದು ಅರ್ಥಹೀನ ಎಂಬ ಅಭಿಪ್ರಾಯ ಅದು. ಗಾಳಗಾರರು ಸಂಭ್ರಮಿಸಿದರು.

ಆ ಸಂಭ್ರಮ ಬಹಳ ಕಾಲ ಉಳಿಯಲಿಲ್ಲ. ರಾಂಚು ಮೇಲ್ಮನವಿ ಸಲ್ಲಿಸಿತು. 2021ರ ಮಾರ್ಚಿನಲ್ಲಿ ಪ್ರಾಂತದ ಮೇಲ್ಮನವಿ ನ್ಯಾಯಾಲಯವು ತೀರ್ಪಿನ ಮುಖ್ಯ ಭಾಗವನ್ನು ತಿರುವಿಹಾಕಿತು. ಕೆರೆ ಸಾರ್ವಜನಿಕ ಎಂಬುದನ್ನು ಅದು ಅಲ್ಲಗಳೆಯಲಿಲ್ಲ. ಆದರೆ ಸಾರ್ವಜನಿಕ ಕೆರೆಗೆ ಹೋಗಲು ಖಾಸಗಿ ಭೂಮಿಯನ್ನು ದಾಟುವ ಹಕ್ಕು ಕಾನೂನಿನಲ್ಲಿ ಎಲ್ಲಿಯೂ ಇಲ್ಲ ಎಂದಿತು. ನೀರಿನಡಿಯಲ್ಲಿ ಮುಳುಗಿದ್ದರೂ ಖಾಸಗಿ ನೆಲ ಖಾಸಗಿಯೇ. ಆವರಣವಿರುವ ಭೂಮಿಗೆ ಒಡೆಯನ ಅನುಮತಿಯಿಲ್ಲದೆ ಕಾಲಿಡುವುದನ್ನು ಆ ಪ್ರಾಂತದ ಅತಿಕ್ರಮ ಪ್ರವೇಶ ಕಾಯಿದೆ ನಿಷೇಧಿಸುತ್ತದೆ ಎಂದು ವಿವರಿಸಿತು. ಅದೇ ವರ್ಷ ಕೆನಡಾದ ಸುಪ್ರೀಂ ಕೋರ್ಟು ಸಂಘದ ಮುಂದಿನ ಮೇಲ್ಮನವಿಗೆ ಅನುಮತಿ ನಿರಾಕರಿಸಿತು.

ಈ ತೀರ್ಪನ್ನು ಹಣವಂತರ ಪರವಾದ ತೀರ್ಪೆಂದು ಜರೆದು ಕೈತೊಳೆದುಕೊಳ್ಳುವುದು ಸುಲಭ. ಅದರಿಂದ ಪಾಠವೇನೂ ದೊರೆಯುವುದಿಲ್ಲ. ಮೇಲಿನ ನ್ಯಾಯಾಲಯವು ಹೇಳಿದ್ದು ಕಾನೂನಿನ ದೃಷ್ಟಿಯಿಂದ ಸರಿಯಾಗಿಯೇ ಇದ್ದಿರಬಹುದು. ಕೊರತೆಯಿದ್ದುದು ಶತಮಾನಕ್ಕೂ ಹಿಂದೆ ಭೂಮಿಯನ್ನು ಹಂಚಿದವರ ಬರವಣಿಗೆಯಲ್ಲಿ. ಅವರು ಕೆರೆಯನ್ನು ಉಳಿಸಿಕೊಂಡರು, ದಾರಿಯನ್ನು ಬರೆದಿಡಲಿಲ್ಲ. ಸುತ್ತಲೂ ಬೇಲಿಯಿಲ್ಲದ ಕಾಲದಲ್ಲಿ ದಾರಿಯನ್ನು ಬರೆದಿಡಬೇಕೆಂದು ಯಾರಿಗೂ ತೋಚಲಿಕ್ಕಿಲ್ಲ. ಬೇಲಿ ಬಂದ ಮೇಲೆ ಬರೆಯುವುದು ಅಸಾಧ್ಯವಾಯಿತು.

ಹಾಗೆ ಮುಂಚಿತವಾಗಿ ಬರೆದಿಟ್ಟವರೂ ಇದ್ದಾರೆ ಎಂಬುದು ಈ ಕತೆಯ ಇನ್ನೊಂದು ಮಗ್ಗುಲು. ಅದೇ ಖಂಡದ ಪೂರ್ವ ಕರಾವಳಿಯ ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ 1640ರ ದಶಕದಲ್ಲಿಯೇ ಒಂದು ಕಟ್ಟಳೆ ಮಾಡಲಾಯಿತು. 10 ಎಕರೆಗಿಂತ ದೊಡ್ಡದಾದ ಕೊಳಗಳಲ್ಲಿ ಮೀನು ಹಿಡಿಯುವ ಸ್ವಾತಂತ್ರ್ಯ ಎಲ್ಲರಿಗೂ ಇರತಕ್ಕದ್ದು ಎಂದು ಬರೆದವರು ಅಲ್ಲಿಗೇ ನಿಲ್ಲಲಿಲ್ಲ. ಬೆಳೆಯನ್ನೂ ಹುಲ್ಲುಗದ್ದೆಯನ್ನೂ ತುಳಿಯದಿದ್ದರೆ, ಆ ಕೊಳಕ್ಕೆ ಹೋಗಲು ಯಾರ ಭೂಮಿಯ ಮೇಲಾದರೂ ನಡೆದು ಸಾಗಬಹುದೆಂದು 1647ರ ಹೊತ್ತಿಗೆ ಸೇರಿಸಿದರು. ಬೆಳೆಗೆ ಹಾನಿಯಿಲ್ಲ, ನಡೆಯುವವನಿಗೆ ಅಡ್ಡಿಯಿಲ್ಲ. ಕೃಷಿಕನೂ ಒಪ್ಪುವಂಥ ಮಾತು. ಆ ಕಟ್ಟಳೆಯ ಪರಂಪರೆ ನೆರೆಯ ಮೇನ್ ರಾಜ್ಯದಲ್ಲಿ ಇಂದಿಗೂ ಜೀವಂತವಾಗಿದೆ. ಫಿನ್ಲೆಂಡಿನಲ್ಲಿ ಸಾದಾ ಕೋಲಿನ ಗಾಳ ಎಲ್ಲರ ಹಕ್ಕು. ಸ್ಕಾಟ್ಲೆಂಡು ಮಾತ್ರ ಬೇರೆ ಹಾದಿ ಹಿಡಿಯಿತು: ಗುಡ್ಡ ಹೊಲಗಳ ಮೇಲೆ ಜವಾಬ್ದಾರಿಯಿಂದ ನಡೆದಾಡುವ ಹಕ್ಕನ್ನು 2003ರ ಕಾಯಿದೆಯಲ್ಲಿ ಎಲ್ಲರಿಗೂ ಕೊಟ್ಟು, ಮೀನು ಹಿಡಿಯುವುದನ್ನು ಅದರಿಂದ ಹೊರಗಿಟ್ಟಿತು. ಕೆರೆಯವರೆಗೆ ಹೋಗಬಹುದು, ಗಾಳ ಮಾತ್ರ ಹಾಕುವಂತಿಲ್ಲ. ನಿಕೋಲಾ ಕಣಿವೆಯ ಕತೆಯನ್ನು ತಲೆಕೆಳಗು ಮಾಡಿದಂತಿದೆ.

ಇನ್ನು ಕರ್ನಾಟಕದ ಸ್ಥಿತಿ. ಕಾಗದದ ಮೇಲೆ ನೋಡಿದರೆ ಇಲ್ಲಿಯ ಗ್ರಾಮಸ್ಥನು ಬ್ರಿಟಿಷ್ ಕೊಲಂಬಿಯಾದ ಗಾಳಗಾರನಿಗಿಂತ ಉತ್ತಮ ನೆಲೆಯಲ್ಲಿದ್ದಾನೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 67ನೆಯ ಪ್ರಕರಣದ ಪ್ರಕಾರ, ವ್ಯಕ್ತಿಗಳ ಆಸ್ತಿಯೆಂದು ಸ್ಥಾಪಿತವಾಗದ ಹೊರತು, ನದಿ, ಹೊಳೆ, ಹಳ್ಳ, ಸರೋವರ, ಕೆರೆಗಳ ಪಾತ್ರಗಳೂ ನಿಂತ ಮತ್ತು ಹರಿಯುವ ನೀರೂ ಸರ್ಕಾರದ ಸೊತ್ತು. ಗಮನಿಸಬೇಕಾದ ಅಂಶವೆಂದರೆ, ಅದೇ ಪ್ರಕರಣವು ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿಗಳನ್ನೂ ಅದೇ ಪಟ್ಟಿಯಲ್ಲಿ ಸೇರಿಸಿದೆ. ಮುಂದಿನ 68ನೆಯ ಪ್ರಕರಣದ ಪ್ರಕಾರ ಸಾರ್ವಜನಿಕ ದಾರಿಯ ಹಕ್ಕನ್ನು ರದ್ದುಪಡಿಸಬೇಕಾದರೆ ಅದಕ್ಕೆ ಪ್ರಕಟಣೆ, ಆಕ್ಷೇಪಣೆಗಳೆಂಬ ಕ್ರಮವಿದೆ. ಗೇಟು ಹಾಕಿದ ಮಾತ್ರಕ್ಕೆ ದಾರಿ ಸಾಯುವುದಿಲ್ಲ. ಸುಪ್ರೀಂ ಕೋರ್ಟು 2011ರ ಜನವರಿಯಲ್ಲಿ ಪಂಜಾಬಿನ ಜಗಪಾಲ್ ಸಿಂಗ್ ಪ್ರಕರಣದಲ್ಲಿ, ಗ್ರಾಮದ ಕೊಳವನ್ನು ಆಕ್ರಮಿಸಿದವರನ್ನು ತೆರವುಗೊಳಿಸಲು ಆದೇಶಿಸಿ, ಇಂತಹ ಸಾಮುದಾಯಿಕ ಭೂಮಿಗಳನ್ನು ಮರಳಿ ಊರಿಗೆ ಒಪ್ಪಿಸುವ ಯೋಜನೆ ರೂಪಿಸಬೇಕೆಂದು ಎಲ್ಲ ರಾಜ್ಯಗಳಿಗೂ ನಿರ್ದೇಶನ ನೀಡಿತು.

ಹಾಗೆಂದು ತೋಟದೊಳಗಿನ ಪ್ರತಿಯೊಂದು ನೀರಿನ ಗುಂಡಿಯೂ ಊರಿನದೆಂದು ಹೊರಡುವುದು ತಪ್ಪು. ಕೃಷಿಕನು ತನ್ನ ಹಿಡುವಳಿಯಲ್ಲಿ, ತನ್ನ ಖರ್ಚಿನಲ್ಲಿ ತೋಡಿಸಿದ ಕೃಷಿಹೊಂಡ ಅವನದೇ. ಅದರಲ್ಲಿ ಅವನು ಸಾಕಿದ ಕಾಟ್ಲಾ, ರೋಹು ಮೀನುಗಳೂ ಅವನವೇ. ಅಲ್ಲಿ ಅನುಮತಿಯಿಲ್ಲದೆ ಗಾಳ ಹಾಕುವುದು ಕಳವು. ತಪ್ಪಿಸಿಕೊಂಡು ಹೋಗಲಾರದ ನೀರಿನಲ್ಲಿ ಕೂಡಿಹಾಕಿದ ಮೀನು ಆ ನೀರಿನ ಸ್ವಾಧೀನವುಳ್ಳವನ ಸ್ವಾಧೀನದಲ್ಲಿರುತ್ತದೆ, ಸ್ವೇಚ್ಛೆಯಿಂದ ಬಂದುಹೋಗಬಲ್ಲ ಮೀನು ಹಿಡಿಯುವ ತನಕ ಯಾರ ಸ್ವಾಧೀನದಲ್ಲಿಯೂ ಇರುವುದಿಲ್ಲ ಎಂಬುದು ಭಾರತದ ನ್ಯಾಯಾಲಯಗಳು ಬಹುಕಾಲದಿಂದ ಪಾಲಿಸಿಕೊಂಡು ಬಂದ ವಿವೇಚನೆ. 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದರೂ ಕಳವಿನ ವ್ಯಾಖ್ಯೆಯ ತಿರುಳು ಅದೇ ಆಗಿದೆ.

ಈ ವಿವೇಚನೆಯ ಪರಿಣಾಮವನ್ನು ಕೆರೆಯ ಕೋಡಿಯಲ್ಲಿ ನಿಂತು ನೋಡಬೇಕು. ಹಳ್ಳಕ್ಕೆ ಕೂಡಿಕೊಂಡ ಕೆರೆಯ ಕೋಡಿಗೆ ಜಾಲರಿ ಕಟ್ಟಿದರೆ ಬಿಟ್ಟ ಮರಿಗಳು ಹೊರಹೋಗುವುದಿಲ್ಲ. ಮೀನು ‘ನನ್ನದು’ ಎಂದು ಹೇಳಿಕೊಳ್ಳಲು ಒಂದು ಆಧಾರವೂ ದೊರೆಯುತ್ತದೆ. ಆದರೆ ಅದೇ ಜಾಲರಿ, ಮುಂಗಾರಿನ ಮೊದಲ ಹೊಸನೀರಿಗೆ ಹಳ್ಳದಿಂದ ಮೇಲಕ್ಕೆ ಹತ್ತಿ ಗದ್ದೆ ಕೆರೆಗಳಲ್ಲಿ ಮೊಟ್ಟೆಯಿಡಲು ಬರುವ ಹತ್ತುಮೀನಿಗೆ ಗೋಡೆಯಾಗುತ್ತದೆ. ಒಬ್ಬನ ಒಡೆತನ ಗಟ್ಟಿಯಾಗುವ ಜಾಗದಲ್ಲಿಯೇ ಇಡೀ ಹಳ್ಳದ ಸಂತಾನ ಕಡಿಯುತ್ತದೆ. ಇನ್ನೊಂದು ಸಂಗತಿಯೂ ಇದೆ. ಅಡಿಕೆ, ಕಾಫಿ ತೋಟಗಳಲ್ಲಿ ಕೊಳೆರೋಗ, ಎಲೆರೋಗಗಳಿಗೆ ಬಳಸುವ ಬೋರ್ಡೋ ದ್ರಾವಣದ ಮೈಲುತುತ್ತ ಮೀನಿಗೆ ವಿಷ. ಸುಣ್ಣದ ಅಂಶ ಕಡಿಮೆಯಿರುವ ಮಲೆನಾಡಿನ ಮೆದು ನೀರಿನಲ್ಲಿ ತಾಮ್ರದ ಆ ವಿಷತೆ ಗಡಸು ನೀರಿನಲ್ಲಿರುವುದಕ್ಕಿಂತ ಹೆಚ್ಚು. ಸಿಂಪರಣೆಯ ಡ್ರಮ್ಮುಗಳನ್ನು ಎಲ್ಲಿ ತೊಳೆಯುತ್ತಾರೆ, ಮರುದಿನ ಯಾವ ಮೀನು ತೇಲಿತು ಎಂಬುದನ್ನು ಮೊದಲು ಕಾಣುವವನು ದಂಡೆಯಲ್ಲಿ ಗಾಳ ಹಿಡಿದು ಕುಳಿತವನು. ಅವನು ಬಾರದ ಕೆರೆಯಲ್ಲಿ ಮೀನು ಸತ್ತರೆ ಸುದ್ದಿಯಾಗುವುದಿಲ್ಲ. ಕೆಳಗಿನ ಊರಿನ ದನಗಳು ಅದೇ ಹಳ್ಳದ ನೀರನ್ನು ಕುಡಿಯುತ್ತವೆ.

ಕೆರೆ ಸರ್ಕಾರದ್ದೆಂದ ಮಾತ್ರಕ್ಕೆ ಗಾಳ ಹಾಕುವ ಹಕ್ಕು ತಾನಾಗಿ ಬರುವುದಿಲ್ಲ ಎಂಬುದನ್ನೂ ಹೇಳಬೇಕು. ಮೀನುಗಾರಿಕೆ ಇಲಾಖೆಯೋ ಗ್ರಾಮ ಪಂಚಾಯಿತಿಯೋ ಕೆರೆಯ ಮೀನಿನ ಹಕ್ಕನ್ನು ಗುತ್ತಿಗೆ ಕೊಟ್ಟಿದ್ದರೆ, ಗುತ್ತಿಗೆಯ ಅವಧಿಯಲ್ಲಿ ಆ ಹಕ್ಕು ಗುತ್ತಿಗೆದಾರನದು. ಈ ದೇಶದ ಕಾನೂನು ಮೀನು ಹಿಡಿಯುವ ಹಕ್ಕನ್ನು ಹಗುರವಾಗಿ ಎಣಿಸಿಲ್ಲ. ಒಡಿಶಾದ ಚಿಲಿಕಾ ಸರೋವರದ ಮೀನುಗಾರರ ಪ್ರಕರಣ ಇದಕ್ಕೆ ಸಾಕ್ಷಿ. ಪಾರಿಕುಡಿನ ರಾಜನಿಂದ ಮುಂದಿನ ವರ್ಷಗಳ ಮೀನು ಹಿಡಿಯುವ ಹಕ್ಕನ್ನು ಹಣ ಕೊಟ್ಟು, ರಸೀದಿಯನ್ನೂ ಪಡೆದು ಅವರು ಕೊಂಡಿದ್ದರು. 1951ರ ಜಮೀನುದಾರಿ ರದ್ದತಿ ಕಾಯಿದೆಯ ಮೇರೆಗೆ ರಾಜನ ಎಸ್ಟೇಟು ಸರ್ಕಾರಕ್ಕೆ ಸೇರಿದಾಗ ಅಧಿಕಾರಿಗಳು ಆ ಹಕ್ಕನ್ನು ಒಪ್ಪಲಿಲ್ಲ. ಮೀನು ಹಿಡಿಯುವ ಹಕ್ಕು ಸ್ಥಿರಾಸ್ತಿಯಲ್ಲಿನ ಹಿತಾಸಕ್ತಿ, ಅದನ್ನು ಬಾಯಿಮಾತಿನಲ್ಲಿ ಮಾರಲಾಗದು, ನೋಂದಾಯಿತ ಪತ್ರವೇ ಬೇಕು ಎಂದು ಸುಪ್ರೀಂ ಕೋರ್ಟು 1955ರಲ್ಲಿ ತೀರ್ಮಾನಿಸಿತು. ಮೀನುಗಾರರು ಸೋತರು. ಹಿರಿಯರ ಕಾಲದ ಬಾಯಿಮಾತಿನ ಒಪ್ಪಂದವನ್ನು ನಂಬಿ ಕುಳಿತಿರುವ ಊರುಗಳು ಈ ತೀರ್ಪನ್ನು ಒಮ್ಮೆ ಓದಿಸಿ ಕೇಳಬೇಕು.

ರೂಢಿಗೆ ಬೆಲೆಯೇ ಇಲ್ಲವೆಂದು ಇದರ ಅರ್ಥವಲ್ಲ. 1897ರ ಭಾರತೀಯ ಮೀನುಗಾರಿಕೆ ಕಾಯಿದೆ ‘ಖಾಸಗಿ ನೀರು’ ಎಂಬುದನ್ನು ವ್ಯಾಖ್ಯಾನಿಸುವಾಗ ಒಂದು ವಿವರಣೆಯನ್ನು ಸೇರಿಸಿತು: ಇತರರಿಗೆ ರೂಢಿಯಿಂದ ಮೀನು ಹಿಡಿಯುವ ಹಕ್ಕಿರಬಹುದು ಎಂಬ ಒಂದೇ ಕಾರಣಕ್ಕೆ ನೀರು ಖಾಸಗಿಯಲ್ಲವೆಂದಾಗದು. ಈ ವಾಕ್ಯವನ್ನು ತೋಟದ ಮಾಲೀಕರು ತಮ್ಮ ಪರವಾಗಿ ಓದಬಹುದು. ಆದರೆ ಹಿಂದುಮುಂದಾಗಿ ಓದಿದರೆ ಅದು ಇನ್ನೊಂದನ್ನೂ ಒಪ್ಪಿಕೊಂಡಂತಾಗುತ್ತದೆ. ನೀರು ಖಾಸಗಿಯಾದರೂ ಅದರಲ್ಲಿ ಇತರರಿಗೆ ರೂಢಿಯ ಹಕ್ಕು ಇರಬಲ್ಲದು. ಅದೇ ಕಾಯಿದೆಯೇ ಸಿಡಿಮದ್ದು ಹಾಕಿ, ವಿಷ ಬೆರೆಸಿ ಮೀನು ಕೊಲ್ಲುವುದನ್ನು ಅಪರಾಧವೆಂದೂ ಸಾರಿತು. ತೋಟೆ ಹಾಕಿ ಮಡುವಿನ ಮರಿಮೊಟ್ಟೆಗಳನ್ನೆಲ್ಲ ಒಮ್ಮೆಗೇ ಕೊಂದವರು ರೂಢಿಯ ಹಕ್ಕಿನ ಮಾತಾಡಿದರೆ ಕೇಳುವವರು ನಕ್ಕಾರು. ಗೇಟು ಹಾಕಿದ ಮಾಲೀಕರಲ್ಲಿ ಕೆಲವರಾದರೂ ಇಂತಹ ಸದ್ದಿಗೆ ಬೇಸತ್ತು ಹಾಕಿದವರು ಎಂಬುದನ್ನು ಒಪ್ಪಬೇಕು.

ಹಾಗಾದರೆ ತೋಟದ ನಡುವಿನ ಒಂದು ಕೆರೆ ಯಾರದು, ಅದರ ದಾರಿ ಯಾರದು ಎಂದು ತಿಳಿಯುವುದು ಹೇಗೆ? ಇದಕ್ಕೆ ಮೊದಲು ನ್ಯಾಯಾಲಯಕ್ಕೆ ಹೋಗಬೇಕಾಗಿಲ್ಲ, ಪಹಣಿ ನೋಡಿದರೆ ಸಾಕು. ಪಹಣಿಯಲ್ಲಿ ವಿಸ್ತೀರ್ಣದ ಕೆಳಗೆ ಖರಾಬು ‘ಅ’, ಖರಾಬು ‘ಬ’ ಎಂಬ ಎರಡು ಸಾಲುಗಳಿರುತ್ತವೆ. ಹೆಚ್ಚಿನವರು ಕಣ್ಣು ಹಾಯಿಸದೆ ಬಿಡುವ ಸಾಲುಗಳು. ‘ಅ’ ಖರಾಬೆಂದರೆ ಸಾಗುವಳಿಗೆ ಯೋಗ್ಯವಲ್ಲದ ಬಂಡೆ, ಬರಡು ಇತ್ಯಾದಿ. ‘ಬ’ ಖರಾಬಿನ ವಿಷಯ ಬೇರೆ. 1966ರ ಭೂಕಂದಾಯ ನಿಯಮಗಳಲ್ಲಿ 21ನೆಯ ನಿಯಮದ ಪ್ರಕಾರ, ಸರ್ವೆ ನಂಬರಿನೊಳಗೆ ಇದ್ದರೂ ಸಾರ್ವಜನಿಕ ಉದ್ದೇಶಕ್ಕೆ ಕಾದಿರಿಸಿದ ಭೂಮಿ, ರಸ್ತೆ ಅಥವಾ ಮಾನ್ಯ ಕಾಲುದಾರಿ, ಹಿಡುವಳಿದಾರನಲ್ಲದೆ ಇತರರೂ ಬಳಸುವ ಕೆರೆ ಅಥವಾ ಹಳ್ಳ, ಸ್ಮಶಾನ ಮುಂತಾದವು ಇದರಲ್ಲಿ ಬರುತ್ತವೆ. ಆ ಗುಂಟೆಗಳಿಗೆ ಕಂದಾಯವಿಲ್ಲ, ಏಕೆಂದರೆ ಅವು ಹಿಡುವಳಿದಾರನ ಉಪಭೋಗಕ್ಕೆ ಸೇರಿದವಲ್ಲ. ನಿಯಮದಲ್ಲಿ ಕೆರೆಯ ಬಳಕೆಯೆಂದು ಹೆಸರಿಸಿರುವುದು ನೀರಾವರಿ, ಕುಡಿಯುವುದು, ಮನೆಬಳಕೆ ಇವನ್ನು ಮಾತ್ರ, ಮೀನಿನ ಹೆಸರಿಲ್ಲ. ಆದರೆ ನೀರಿಗೆಂದು ಹೋಗಲು ದಾರಿಯಿದ್ದರೆ ದಂಡೆಯವರೆಗೆ ಹೋಗಲು ದಾರಿಯಿದೆ ಎಂದಾಯಿತು. ನಿಕೋಲಾ ಕಣಿವೆಯವರಿಗೆ ದೊರೆಯದೆ ಹೋದದ್ದು ಅದೇ.

ಪಹಣಿಯ ಜೊತೆಗೆ ಗ್ರಾಮ ನಕಾಶೆಯನ್ನು ಹಿಡಿದು ನೋಡಬೇಕು. ಅದರಲ್ಲಿ ಕಾಲುದಾರಿಗಳು ಚುಕ್ಕಿಗೆರೆಗಳಾಗಿ ಕಾಣುತ್ತವೆ. ಕಾಲೇಜು ವಿದ್ಯಾರ್ಥಿಗಳು ಎರಡು ಭಾನುವಾರ ಕುಳಿತರೆ ಒಂದು ಗ್ರಾಮದ ಎಲ್ಲ ಕೆರೆಗಳ ಸರ್ವೆ ನಂಬರು, ‘ಬ’ ಖರಾಬಿನ ವಿಸ್ತೀರ್ಣ, ಚುಕ್ಕಿಗೆರೆಯ ದಾರಿ ಇಷ್ಟನ್ನೂ ಪಟ್ಟಿ ಮಾಡಿ ಗ್ರಾಮಸಭೆಯ ಮುಂದಿಡಬಹುದು. ಸಭೆಯ ನಡಾವಳಿಯಲ್ಲಿ ಅದು ದಾಖಲಾದರೆ ಮುಂದೆ ಯಾವ ಕಚೇರಿಯಲ್ಲಿಯೂ ತೋರಿಸಲು ಒಂದು ಕಾಗದ ಇರುತ್ತದೆ.

ನಕಾಶೆಯಲ್ಲಿ ಇಲ್ಲದ, ಬಳಕೆಯಿಂದ ಮಾತ್ರ ಉಳಿದುಬಂದ ದಾರಿಗಳ ವಿಷಯ ತುಸು ಸೂಕ್ಷ್ಮ. ಅವುಗಳಿಗೆ ಆಧಾರ 1882ರ ಅನುಭೋಗದ ಹಕ್ಕಿನ ಕಾಯಿದೆ, ವಕೀಲರ ಬಾಯಲ್ಲಿ ಈಸ್‌ಮೆಂಟ್ ಕಾಯಿದೆ. ಮೊದಲು ಜಾರಿಗೆ ಬಂದ ಕೆಲವೇ ಪ್ರದೇಶಗಳಲ್ಲಿ ಕೊಡಗೂ ಒಂದಾಗಿತ್ತು. ಒಬ್ಬ ಹಿಡುವಳಿದಾರನು ತನ್ನ ಭೂಮಿಯ ಉಪಯೋಗಕ್ಕಾಗಿ ಇನ್ನೊಬ್ಬನ ಭೂಮಿಯ ಮೇಲಿನ ದಾರಿಯನ್ನು ಬಹಿರಂಗವಾಗಿ, ಶಾಂತವಾಗಿ, ಹಕ್ಕೆಂಬ ಭಾವದಿಂದ, ಅಡೆತಡೆಯಿಲ್ಲದೆ 20 ವರ್ಷ ಬಳಸಿದ್ದರೆ ಅದು ಹಕ್ಕಾಗುತ್ತದೆ. ಸರ್ಕಾರದ ಭೂಮಿಯಾದರೆ 30 ವರ್ಷ. ಇಡೀ ಊರಿನ ಬಳಕೆಯಾದರೆ ಅದನ್ನು ರೂಢಿಯ ಹಕ್ಕೆಂದೇ ಸಾಧಿಸಬೇಕಾಗುತ್ತದೆ. ಕೇಳಿ, ಅಪ್ಪಣೆ ಪಡೆದು ನಡೆದ ದಾರಿ ಎಷ್ಟು ವರ್ಷವಾದರೂ ಹಕ್ಕಾಗದು ಎಂಬುದನ್ನು ಮರೆಯಬಾರದು.

20 ವರ್ಷಗಳ ಈ ಲೆಕ್ಕಕ್ಕೆ ಒಂದು ಗಡುವೂ ಅಂಟಿಕೊಂಡಿದೆ. ದಾರಿಗೆ ಅಡ್ಡಿ ಬಂದದ್ದು ತಿಳಿದ ಮೇಲೆ ಒಂದು ವರ್ಷ ಸುಮ್ಮನಿದ್ದರೆ, ಆ ಅಡ್ಡಿಯನ್ನು ಕಾನೂನು ನಿಜವಾದ ತಡೆಯೆಂದು ಎಣಿಸುತ್ತದೆ. ಬಳಕೆಯ 20 ವರ್ಷವೂ ದಾವೆ ಹೂಡುವ ದಿನಕ್ಕಿಂತ ಹಿಂದಿನ ಎರಡು ವರ್ಷಗಳೊಳಗೆ ಮುಗಿದಿರಬೇಕು. ಆದ್ದರಿಂದ ಕೆರೆದಾರಿಗೆ ಬೀಗ ಬಿದ್ದ ಊರಿನಲ್ಲಿ ಮೊದಲು ಬರೆದಿಡಬೇಕಾದುದು ಬೀಗ ಬಿದ್ದ ತಾರೀಖು. ಅದರ ಕೆಳಗೆ, ಆ ದಾರಿಯಲ್ಲಿ ನಡೆದ ಹಿರಿಯರ ಹೆಸರು, ವಯಸ್ಸು, ಯಾವ ವರ್ಷದಿಂದ ಯಾವ ವರ್ಷದವರೆಗೆ ನಡೆದರು ಎಂಬ ಹೇಳಿಕೆ ಮತ್ತು ಅವರ ಸಹಿ. ಒಂದು ಲಿಖಿತ ಆಕ್ಷೇಪಣೆ ಗ್ರಾಮ ಪಂಚಾಯಿತಿಗೂ ಇನ್ನೊಂದು ತಹಶೀಲ್ದಾರರಿಗೂ ಅದೇ ವರ್ಷದೊಳಗೆ ತಲುಪಿ, ಸ್ವೀಕೃತಿಯ ಮುದ್ರೆ ಬಿದ್ದ ಪ್ರತಿ ಊರಿನಲ್ಲಿ ಉಳಿಯಬೇಕು.